ಬಿಸಿಲಿಗೆ ಹೂವು, ಮಳೆಗೆ ಎಲೆ: ಮುಂಬಯಿಯ ಒಣತೋಟದಲ್ಲಿ ಕಾಡು ಈರುಳ್ಳಿ

ಮುಂಬಯಿ ಮಹಾನಗರಪಾಲಿಕೆಯ ಪುಷ್ಪಪ್ರದರ್ಶನ ಭಾಯಖಳಾದ ರಾಣಿಬಾಗ್‌ನಲ್ಲಿ ಸಾಮಾನ್ಯವಾಗಿ ಫೆಬ್ರವರಿಯ ಆಸುಪಾಸು ನಡೆಯುತ್ತದೆ. ಸೇವಂತಿಗೆ, ಡೇಲಿಯಾ, ಪೆಟೂನಿಯಾಗಳ ಆ ಸಾಲಿನಲ್ಲಿ ಈ ನಗರದ ನೆಲದಲ್ಲೇ ಹುಟ್ಟಿ ಬೆಳೆಯುವ ಗಡ್ಡೆಹೂಗಳು ಕಾಣುವುದಿಲ್ಲ. ಇದು ಯಾರ ಅಸಡ್ಡೆಯೂ ಅಲ್ಲ. ಕಾಲವೇ ಹೊಂದುವುದಿಲ್ಲ. ಫೆಬ್ರವರಿಯಲ್ಲಿ ಬೊರಿವಲಿಯ ಗುಡ್ಡಗಳ ಮೇಲೂ ಗೊರಾಯಿ ಕಡೆಯ ಮರಳು ದಿಣ್ಣೆಗಳಲ್ಲೂ ಗಡ್ಡೆಗಳೆಲ್ಲ ನೆಲದೊಳಗೆ ಮಲಗಿರುತ್ತವೆ. ಮೇಲೆ ಒಣಹುಲ್ಲು ಬಿಟ್ಟರೆ ಏನೂ ಇಲ್ಲ. ಪ್ರದರ್ಶನಕ್ಕೆ ಬಂದವರು ಕೊಂಡೊಯ್ಯುವುದು ಆ ದಿನ ಅರಳಿರುವ ಗಿಡವನ್ನು. ಅರಳದೆ ಇರುವುದನ್ನು ಕೊಳ್ಳುವವರೂ ಇಲ್ಲ, ಮಾರುವವರೂ ಇಲ್ಲ. ನಗರದ ತೋಟಗಳಿಂದ ಸ್ಥಳೀಯ ಗಡ್ಡೆಗಳು ಹೊರಗುಳಿಯಲು ಇದೊಂದು ದೊಡ್ಡ ಕಾರಣವೆಂದು ನನಗೆ ತೋರುತ್ತದೆ.

ಎರಡನೆಯ ಕಾರಣ ನೀರು. ರಸ್ತೆ ವಿಭಾಜಕಗಳಲ್ಲಿ, ಹೌಸಿಂಗ್ ಸೊಸೈಟಿಗಳ ಕಾಂಪೌಂಡಿನ ಅಂಚಿನಲ್ಲಿ ಬೆಳ್ಳಗೆ ಅರಳುವ ಸ್ಪೈಡರ್ ಲಿಲಿ ಅಮೆರಿಕದ ಉಷ್ಣವಲಯದಿಂದ ಬಂದ ಗಿಡ. ಮೊದಲ ಮಳೆಗೆ ಗುಲಾಬಿ ಬಣ್ಣದ ಹೂ ಬಿಡುವ ರೇನ್ ಲಿಲಿಯೂ ಅಲ್ಲಿಯದೇ. ವರ್ಷವಿಡೀ ಪೈಪು ಹಿಡಿದು ನೀರು ಬಿಟ್ಟರೂ ಇವು ತಡೆದುಕೊಳ್ಳುತ್ತವೆ, ಆದ್ದರಿಂದ ಮಾಳಿಗಳಿಗೆ ಇವು ಅನುಕೂಲದ ಗಿಡಗಳು. ಇಲ್ಲಿಯ ಗಡ್ಡೆಗಳ ಸ್ವಭಾವ ಬೇರೆ. ಗಡಂಬಿ ಕಾಂದಾ ಎಂದು ಮರಾಠಿಯಲ್ಲಿ ಕರೆಯುವ ಅಗಲ ಎಲೆಯ ಕ್ರೈನಮ್, ಜೂನ್‌ನ ಮೊದಲ ಮಳೆಗೆ ಬಿಳಿ ಹೂ ತೆರೆಯುವ ಪುಟ್ಟ ಪ್ಯಾಂಕ್ರೇಶಿಯಮ್, ಎಲೆಯ ಮೇಲೆ ನೇರಳೆ ಚುಕ್ಕೆ ಹೊತ್ತ ಲೆಡೆಬೂರಿಯಾ, ಬಂಡೆ ಸಂದಿಯ ಡಿಪ್‌ಕ್ಯಾಡಿಗಳು, ಕಾಡು ಈರುಳ್ಳಿ: ಇವೆಲ್ಲ ನಾಲ್ಕು ತಿಂಗಳು ಮಳೆಯಲ್ಲಿ ನೆನೆದು ಎಂಟು ತಿಂಗಳು ಒಣಗುವ ನೆಲಕ್ಕೆ ಒಗ್ಗಿದವು. ಆ ಒಣ ತಿಂಗಳುಗಳನ್ನು ನಾವು ಕಸಿದುಕೊಂಡರೆ ಅವು ಉಳಿಯುವುದಿಲ್ಲ.

ಇವುಗಳಲ್ಲಿ ಕಾಡು ಈರುಳ್ಳಿಯನ್ನು ಈ ಟಿಪ್ಪಣಿಗೆ ಆರಿಸಿಕೊಂಡಿದ್ದೇನೆ. ಅದು ಬಯಲುಸೀಮೆಯ ಕನ್ನಡಿಗರಿಗೂ ಕೊಂಕಣದವರಿಗೂ ಗೊತ್ತಿರುವ ಗಿಡ. ಮರಾಠಿಯಲ್ಲಿ ರಾನಕಾಂದಾ, ಕೋಲಕಾಂದಾ ಎನ್ನುತ್ತಾರೆ. ಇದರ ಬಾಳಿನ ಕ್ರಮ ಉಳಿದವುಗಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಮಳೆ ಬಂದ ಮೇಲೆ ಹೂ ಬಿಡುವ ಗಡ್ಡೆಗಳು ಹಲವಿವೆ. ಇದು ಮಳೆ ಬರುವ ಮೊದಲೇ, ಮಾರ್ಚ್‌ನಿಂದ ಮೇ ತನಕದ ಕಡುಬೇಸಿಗೆಯಲ್ಲಿ, ಒಂದೂ ಎಲೆಯಿಲ್ಲದೆ ಹೂ ಬಿಡುತ್ತದೆ.

ಹೆಸರಿನ ವಿಷಯ ಮೊದಲು ಮುಗಿಸಿಕೊಳ್ಳೋಣ, ಏಕೆಂದರೆ ಹಳೆಯ ಪುಸ್ತಕ ತೆಗೆದವರು ಇಲ್ಲಿ ದಾರಿ ತಪ್ಪುತ್ತಾರೆ. ಸಸ್ಯಶಾಸ್ತ್ರಜ್ಞ ರಾಕ್ಸ್‌ಬರೋ ಅವರ ನಿಧನಾನಂತರ 1832ರಲ್ಲಿ ಅಚ್ಚಾದ ಗ್ರಂಥದಲ್ಲಿ ಇದು ಸಿಲ್ಲಾ ಇಂಡಿಕಾ. 1843ರಲ್ಲಿ ಕುಂತ್ ಇದನ್ನು ಅರ್ಜೀನಿಯಾ ಕುಲಕ್ಕೆ ಸೇರಿಸಿದರು. 1977ರಲ್ಲಿ ಜೆಸಪ್ ಡ್ರಿಮಿಯಾ ಕುಲಕ್ಕೆ ತಂದರು. ಈಗ ಒಪ್ಪಿತವಾಗಿರುವ ಹೆಸರು ಡ್ರಿಮಿಯಾ ಇಂಡಿಕಾ. ಕುಟುಂಬವೂ ಲಿಲಿಯೇಸೀಯಿಂದ ಆಸ್ಪರಾಗೇಸೀಗೆ ಬದಲಾಗಿದೆ. ಥಿಯೋಡೋರ್ ಕುಕ್ ಅವರ ಮುಂಬಯಿ ಪ್ರಾಂತದ ಸಸ್ಯಗ್ರಂಥದಲ್ಲಿ (1901–1908) ಹುಡುಕುವವರು ಅರ್ಜೀನಿಯಾ ಎಂದೇ ನೋಡಬೇಕು. ಈ ಗ್ರಂಥ ಕನ್ನಡಿಗರದೂ ಹೌದೆಂಬುದನ್ನು ನಾವು ಮರೆತಂತಿದೆ. ಅಂದಿನ ಮುಂಬಯಿ ಪ್ರಾಂತದಲ್ಲಿ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳೂ ಇದ್ದವು. ಉತ್ತರ ಕನ್ನಡದ ಕಾಡುಗಳಲ್ಲಿ ದುಡಿದ ಅರಣ್ಯಾಧಿಕಾರಿ ಟಾಲ್ಬಟ್ ಅವರ ಕೆಲಸಕ್ಕೂ ಕೊಂಕಣದ ಸಂಗ್ರಹಗಳಿಗೂ ಪ್ರಾಂತ ಒಂದೇ. ಕಾಡು ಈರುಳ್ಳಿಯಂಥ ಗಿಡದ ಪಾಲಿಗೆ ಆ ಗಡಿ ಅರ್ಥಪೂರ್ಣವಾಗಿತ್ತು. ಕೊಂಕಣದ ಕಡಲತಡಿಯ ಮರಳಿನಲ್ಲೂ ದಖನ್ನಿನ ಒಣ ಗುಡ್ಡಗಳಲ್ಲೂ ಬೆಳೆಯುವ ಗಿಡವದು.

ಗಡ್ಡೆ ನೋಡಲು ಬಿಳಿ ಈರುಳ್ಳಿಯಂತೆಯೇ ಇರುತ್ತದೆ. ಸಾಮಾನ್ಯವಾಗಿ ಐದರಿಂದ ಹತ್ತು ಸೆಂಟಿಮೀಟರ್ ಉದ್ದ, ಮೇಲೆ ಕಾಗದದಂಥ ಒಣ ಸಿಪ್ಪೆ, ಒಳಗೆ ರಸ ತುಂಬಿದ ಪದರಗಳು. ಕೊಯ್ದರೆ ಕಣ್ಣಲ್ಲಿ ನೀರು ಬರುವುದಿಲ್ಲ, ಕೈ ತುರಿಸುತ್ತದೆ. ಪದರಗಳೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುವುದೇ ಇದಕ್ಕೆ ಕಾರಣ. ಬುಡದಲ್ಲಿ ಚಪ್ಪಟೆ ತಟ್ಟೆಯಂಥ ಭಾಗವಿದೆ. ಗಿಡದ ನಿಜವಾದ ಕಾಂಡ ಅದು. ಬೇರುಗಳು ಅದರ ಕೆಳಗಿನಿಂದ ಹೊರಡುತ್ತವೆ, ಪದರಗಳು ಅದರ ಮೇಲೆ ಕೂತಿರುತ್ತವೆ. ಪದರಗಳೆಂದರೆ ಹಿಂದಿನ ಮಳೆಗಾಲಗಳ ಎಲೆಗಳ ಬುಡವೇ. ಎಲೆಯ ಮೇಲ್ಭಾಗ ಒಣಗಿ ಉದುರಿದರೂ ಬುಡ ಉಬ್ಬಿ ಉಳಿದು, ನಾಲ್ಕು ತಿಂಗಳ ಗಳಿಕೆಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಏಪ್ರಿಲ್ ಹೊತ್ತಿಗೆ ನೆಲದಿಂದ ಬೂದಿ ಬಳಿದಂಥ ಮಾಸಲು ಹಸಿರಿನ ಒಂದು ಮೊನೆ ಮೇಲೇಳುತ್ತದೆ. ಕೆಲವೇ ದಿನಗಳಲ್ಲಿ ಅದು ಮೊಣಕಾಲೆತ್ತರದ ಹೂದಂಟು. ಉದ್ದ ತೊಟ್ಟುಗಳಲ್ಲಿ ಹೂಗಳು ದೂರದೂರ ಜೋತಿರುತ್ತವೆ. ಆರು ದಳ, ಆರು ಕೇಸರ. ದಳಗಳ ಬಣ್ಣ ಕಂದು ಬೆರೆತ ಮಾಸಲು ಬಿಳುಪು, ನಡುವೆ ಹಸಿರು ಛಾಯೆ. ಅಡಿಯಿಂದ ತುದಿಯತ್ತ ಒಂದೊಂದಾಗಿ ಅರಳುತ್ತವೆ. ಬಿಡಿಹೂವಿನ ಬಾಳು ಒಂದು ದಿನವೂ ಇಲ್ಲ. ದಂಟು ಮಾತ್ರ ವಾರಗಟ್ಟಲೆ ನಿಂತಿರುತ್ತದೆ. ಅಂಗಡಿಯ ಲಿಲಿಯ ಕಣ್ಣಿನಿಂದ ನೋಡಿದವರಿಗೆ ಇದು ಬಡಕಲು ಹೂವೆನಿಸಬಹುದು. ನನ್ನ ಕಣ್ಣಿಗೆ ಹಾಗೆನಿಸಿಲ್ಲ. ಸುತ್ತಲಿನ ಹುಲ್ಲೆಲ್ಲ ಸುಟ್ಟು ಕರಕಾಗಿರುವಾಗ ನೀರಿನ ಒಂದು ಹನಿಯೂ ಇಲ್ಲದೆ ನಿಂತ ಆ ತೆಳು ದಂಟಿನ ಚೆಲುವು ಅದರ ಸನ್ನಿವೇಶದಲ್ಲಿದೆ.

ಹೂವಿನ ಖರ್ಚೆಲ್ಲ ಹಿಂದಿನ ಮಳೆಗಾಲದ ಲೆಕ್ಕದಿಂದ. ತೋಟಗಾರ ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಅರ್ಧ ಕೆಲಸ ತಾನಾಗಿಯೇ ತಿಳಿಯುತ್ತದೆ. ಮೇ ತಿಂಗಳಲ್ಲಿ ಹೂ ಬರಲಿಲ್ಲವೆಂದು ಮೇ ತಿಂಗಳಲ್ಲಿ ಗೊಬ್ಬರ ಹಾಕಿ ಪ್ರಯೋಜನವಿಲ್ಲ. ಹಿಂದಿನ ಆಗಸ್ಟ್‌ನಲ್ಲಿ ಎಲೆಗೆ ಬಿಸಿಲು ಸಿಕ್ಕಿತ್ತೇ ಎಂದು ಕೇಳಿಕೊಳ್ಳಬೇಕು.

ಒಣತೋಟದ ಬಗ್ಗೆ ಬಂದಿರುವ ಇಂಗ್ಲಿಷ್ ಕೈಪಿಡಿಗಳು ಇಲ್ಲಿ ಸಹಾಯಕ್ಕಿಂತ ಹೆಚ್ಚು ತೊಂದರೆ ಮಾಡುತ್ತವೆ. ಅವುಗಳಲ್ಲಿ ಬಹುಪಾಲು ಮೆಡಿಟರೇನಿಯನ್ ಹವೆಯನ್ನು ಆಧರಿಸಿ ಬರೆದವು. ಅಲ್ಲಿ ಮಳೆ ಚಳಿಗಾಲದ್ದು, ಬೇಸಿಗೆ ಒಣ. ಅಲ್ಲಿಯೂ ಕಾಡು ಈರುಳ್ಳಿಯ ಒಬ್ಬ ದಾಯಾದಿ ಇದ್ದಾನೆ, ಡ್ರಿಮಿಯಾ ಮಾರಿಟಿಮಾ, ಯುರೋಪಿನವರ ಸ್ಕ್ವಿಲ್. ಬೇಸಿಗೆಯ ಕೊನೆಗೆ, ಆಗಸ್ಟ್–ಸೆಪ್ಟೆಂಬರಿನಲ್ಲಿ, ಅದು ಎಲೆಯಿಲ್ಲದೆ ಹೂ ಬಿಡುತ್ತದೆ. ಶರತ್ಕಾಲದ ಮಳೆಗೆ ಎಲೆ ಚಿಗುರುತ್ತದೆ. ಹೂವು ಎಲೆಗಿಂತ ಮೊದಲು ಬರುವುದನ್ನು ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ವಿದ್ವಾಂಸ ಥಿಯೋಫ್ರಾಸ್ಟಸ್ ಗಮನಿಸಿದ್ದ. ಆ ಹೂವನ್ನು ನೋಡಿ ಉಳುಮೆಯ ಹದ ತಿಳಿಯುತ್ತಿದ್ದ ವಾಡಿಕೆಯನ್ನೂ ಅವನು ದಾಖಲಿಸಿದ್ದಾನೆ. ನಮ್ಮದೂ ಅವರದೂ ಬಾಳುವ ಉಪಾಯ ಒಂದೇ: ಬರಗಾಲದ ತುದಿಯಲ್ಲಿ ಹೂ ಬಿಟ್ಟು ಮಳೆಯ ಹೊಸ್ತಿಲಿಗೆ ಬೀಜ ಸಿದ್ಧ ಮಾಡುವುದು. ಪಂಚಾಂಗ ಮಾತ್ರ ತಿರುವುಮುರುವು. ಅಕ್ಟೋಬರಿನಲ್ಲಿ ನೆಟ್ಟು ಚಳಿಗಾಲವಿಡೀ ನೀರುಣಿಸಿ ಎನ್ನುವ ಸೂಚನೆ ಅಲ್ಲಿಗೆ ಸರಿ. ಮುಂಬಯಿಯಲ್ಲಿ ಅದನ್ನು ಪಾಲಿಸಿದರೆ ಗಡ್ಡೆ ಮಲಗಬೇಕಾದ ಹೊತ್ತಿಗೆ ಒದ್ದೆ ಹಾಸಿಗೆ ಹಾಸಿಕೊಟ್ಟಂತಾಗುತ್ತದೆ.

ಇನ್ನು ಮಳೆ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಬಹುತೇಕ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರಿನೊಳಗೆ. 2005ರ ಜುಲೈ 26ರಂದು ಅದೇ ಕೇಂದ್ರದಲ್ಲಿ ಒಂದೇ ದಿನದ ಲೆಕ್ಕಕ್ಕೆ 944 ಮಿಲಿಮೀಟರ್ ದಾಖಲಾಯಿತು. ವಿಜಯಪುರದ ಇಡೀ ವರ್ಷದ ಮಳೆ ಅದಕ್ಕಿಂತ ಸಾಕಷ್ಟು ಕಡಿಮೆ. ಇಷ್ಟು ಅಂತರದ ಎರಡೂ ನೆಲಗಳಲ್ಲಿ ಈ ಗಿಡದ ಜಾತಿ ಬಾಳುತ್ತದೆಯೆಂದಮೇಲೆ, ಮಳೆಯ ಮೊತ್ತವೇ ಅದಕ್ಕೆ ನಿರ್ಣಾಯಕವಲ್ಲ ಎನ್ನಬೇಕಾಗುತ್ತದೆ. ನೀರು ನಿಲ್ಲುತ್ತದೋ ಹರಿದುಹೋಗುತ್ತದೋ ಎಂಬುದು ಮುಖ್ಯ. ಗುಡ್ಡದ ಇಳಿಜಾರಿನ ಗರಸಿನಲ್ಲಿ, ಕಡಲತಡಿಯ ಮರಳಿನಲ್ಲಿ ಎಷ್ಟೇ ಸುರಿದರೂ ಬುಡದ ತಟ್ಟೆಯ ಸುತ್ತ ಗಾಳಿ ಉಳಿಯುತ್ತದೆ. ಪ್ಲಾಸ್ಟಿಕ್ ಕುಂಡದ ಅಂಟು ಕೆಂಪು ಮಣ್ಣಿನಲ್ಲಿ ಉಳಿಯುವುದಿಲ್ಲ.

ವಿಜಯಪುರಕ್ಕೂ ಮುಂಬಯಿಗೂ ಇನ್ನೊಂದು ವ್ಯತ್ಯಾಸವಿದೆ, ಅದು ಕಡಿಮೆ ಗಮನ ಸೆಳೆದಿದೆ. ಅಲ್ಲಿ ಬೇಸಿಗೆಯೆಂದರೆ ನೆಲವೂ ಒಣ, ಗಾಳಿಯೂ ಒಣ. ಇಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ನೆಲ ಒಣಗಿದ್ದರೂ ಕಡಲಗಾಳಿಯಲ್ಲಿ ತೇವ ತುಂಬಿರುತ್ತದೆ. ಹೀಗಾಗಿ ನೆರಳಿನ ಮೂಲೆಯಲ್ಲಿಟ್ಟ ದಪ್ಪ ಮಣ್ಣಿನ ಕುಂಡ ನವೆಂಬರಿನಲ್ಲಿ ನೀರು ನಿಲ್ಲಿಸಿದರೂ ಬೇಗ ಒಣಗುವುದಿಲ್ಲ. ಮುಂಬಯಿಯ ಒಣತೋಟಕ್ಕೆ ನೀರು ಕೊಡದಿದ್ದರೆ ಸಾಕೆಂದುಕೊಂಡವರು ಈ ಕಾರಣದಿಂದ ನಿರಾಶರಾಗುತ್ತಾರೆ. ಒಣಗುವಿಕೆಯನ್ನು ಕುಂಡದಲ್ಲೇ ಕಟ್ಟಬೇಕು.

ಅದು ಹೇಗೆಂದು ಹೇಳುತ್ತೇನೆ. ಕುಂಡ ಸುಟ್ಟ ಮಣ್ಣಿನದೇ ಇರಲಿ, ಒಂದಡಿಯಾದರೂ ಆಳವಿರಲಿ, ತಳದ ತೂತು ದೊಡ್ಡದಿರಲಿ. ಮಿಶ್ರಣದಲ್ಲಿ ಅರ್ಧದಷ್ಟು ಒರಟು ವಸ್ತು: ಸಣ್ಣ ಜಲ್ಲಿ, ಇಟ್ಟಿಗೆಯ ಚೂರು, ದಪ್ಪ ಮರಳು, ಸಿಕ್ಕರೆ ಗರಸು. ಮುಂಬಯಿಯಲ್ಲಿ ಕಟ್ಟಡದ ಕೆಲಸ ನಡೆಯದ ಗಲ್ಲಿಯಿಲ್ಲ, ಕೇಳಿದರೆ ಒಂದು ಬುಟ್ಟಿ ಜಲ್ಲಿ ಸಿಗುತ್ತದೆ. ಉಳಿದ ಅರ್ಧದಲ್ಲಿ ಕೆಂಪು ಮಣ್ಣು ಮತ್ತು ಚೆನ್ನಾಗಿ ಕಳಿತ ಎಲೆಗೊಬ್ಬರ. ಕೊಕೊಪೀಟ್ ಬೇಡವೇ ಬೇಡ. ಅದರ ಕೆಲಸವೇ ನೀರು ಹಿಡಿದಿಡುವುದು, ಇಲ್ಲಿ ನಮಗೆ ಬೇಕಾದದ್ದು ಅದರ ವಿರುದ್ಧ. ಬೀಚಿನ ಮರಳನ್ನು ತರಬಾರದು. ಉಪ್ಪಿನ ಮಾತು ಹಾಗಿರಲಿ, ದಿಣ್ಣೆಯ ಮರಳನ್ನು ಹಿಡಿದುಕೊಂಡೇ ಅಲ್ಲಿಯ ಗಡ್ಡೆಗಳು ಬದುಕಿವೆ. ಗಡ್ಡೆಯ ಕತ್ತು ಮಣ್ಣಿನ ಮೇಲ್ಮೈಗೆ ತಾಗುವಂತೆ ನೆಟ್ಟು, ಮೇಲೆ ಎರಡು ಬೆರಳು ದಪ್ಪ ಜಲ್ಲಿ ಹರಡಿದರೆ ಮಳೆಯ ಹೊಡೆತಕ್ಕೆ ಮಣ್ಣು ಕತ್ತಿನ ಮೇಲೆ ಕೂರುವುದಿಲ್ಲ.

ಜೂನ್‌ನಲ್ಲಿ ಪಟ್ಟಿಯಂಥ ಎಲೆಗಳು ಬಂದ ಮೇಲೆ ಕುಂಡವನ್ನು ಮಳೆಗೆ ಬಿಡಬೇಕು. ಮುಂಬಯಿಯ ಮನೆಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಮಳೆಗಾಲಕ್ಕೆ ಮುಂಚೆ ಕಿಟಕಿಯ ಗ್ರಿಲ್ಲಿನ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟುವುದು ಇಲ್ಲಿಯ ಪದ್ಧತಿ. ಕೆಳಗಿರುವ ಗಿಡಕ್ಕೆ ಆಗ ಮಳೆಯೂ ಇಲ್ಲ, ಬೆಳಕೂ ಕಡಿಮೆ. ವರ್ಷದ ಗಳಿಕೆಯ ಕಾಲದಲ್ಲಿ ಗಡ್ಡೆ ಉಪವಾಸ ಬೀಳುತ್ತದೆ. ಹಾಳೆಯ ಹೊರಗೆ ಒಂದು ಮೂಲೆ ಬಿಡಿ, ಇಲ್ಲವೇ ಆ ನಾಲ್ಕು ತಿಂಗಳು ಟೆರೇಸಿಗೆ ಏರಿಸಿ. ಗೊಬ್ಬರ ಕೊಡುವುದಿದ್ದರೆ ಎಲೆ ಹಸಿರಿರುವಾಗ ಮಾತ್ರ. ಮಳೆ ಹಿಂದೆ ಸರಿದ ಮೇಲೆ ಎಲೆಗಳ ತುದಿ ಹಳದಿಯಾಗಲು ತೊಡಗುತ್ತದೆ. ಅಲ್ಲಿಂದ ನೀರು ಬಂದ್. ಹಳದಿ ಎಲೆಯನ್ನು ಕತ್ತರಿಸಿ ಚೊಕ್ಕಟ ಮಾಡುವ ಆಸೆಯನ್ನು ಅದುಮಿಡಬೇಕು. ಎಲೆಯಲ್ಲಿ ಉಳಿದದ್ದು ಬುಡಕ್ಕಿಳಿಯುವ ಕಾಲವದು, ಒಣಗಿ ತಾನಾಗಿ ಕಳಚಿಕೊಳ್ಳುವ ತನಕ ಕಾಯಬೇಕು.

ನಂತರದ ತಿಂಗಳುಗಳಲ್ಲಿ ಕುಂಡಕ್ಕೆ ಎರಡು ಅಪಾಯ. ಒಂದು, ಕಾಳಜಿ. ಎದುರು ಮನೆಯ ಧಾರವಾಡದ ಹಿರಿಯರೊಬ್ಬರು ನಮ್ಮ ಗ್ರಿಲ್ಲಿನತ್ತ ನೋಡಿ, “ಏನ್ರೀ, ಖಾಲಿ ಕುಂಡ ಯಾಕ ಇಟ್ಟೀರಿ? ಒಂದು ತುಳಸಿ ಹಚ್ಚಬಾರದ?” ಎಂದು ಕೇಳಿದ್ದುಂಟು. ಪ್ರೀತಿಯ ಮಾತು ಅದು. ಮನೆಗೆಲಸಕ್ಕೆ ಬರುವವರೂ ಸೊಸೈಟಿಯ ಮಾಳಿಯೂ ಇದೇ ಪ್ರೀತಿಯಿಂದ ಆ ಕುಂಡಕ್ಕೆ ಒಂದು ತಂಬಿಗೆ ನೀರು ಸುರಿಯುತ್ತಾರೆ. ಹಾಗಾಗಿ ಒಣ ಕುಂಡಗಳನ್ನು ದಿನವೂ ನೀರು ಬೇಡುವ ಗಿಡಗಳ ಸಾಲಿನಿಂದ ಬೇರೆಯೇ ಇಡುವುದು ಒಳ್ಳೆಯದು. ಎರಡನೆಯದು ಮೇಲಿನ ಮನೆಯ ಎಸಿ. ಮಾರ್ಚ್ ಬಂತೆಂದರೆ ಅದರ ಪೈಪಿನಿಂದ ಕೆಳಗಿನ ಗ್ರಿಲ್ಲಿಗೆ ಹಗಲೂ ರಾತ್ರಿ ಹನಿ ಬೀಳುತ್ತದೆ. ಗಡ್ಡೆಗೆ ನೀರು ಬೇಡವಾದ ಕಾಲವೂ ಅದೇ. ಹನಿ ಬೀಳುವ ಕುಂಡದ ಗಡ್ಡೆಯ ಕತ್ತನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಆರೋಗ್ಯದ ಗಡ್ಡೆ ಗಟ್ಟಿಯಾಗಿ ಎದುರು ಒತ್ತುತ್ತದೆ. ಕೊಳೆತ ಗಡ್ಡೆ ಬೆರಳಿನಡಿ ಕುಸಿದು ಹುಳಿ ನಾತ ಬಿಡುತ್ತದೆ. ಒಣಗಿ ಸುಕ್ಕಾದ ಗಡ್ಡೆ ಮಾತ್ರ ಮಳೆ ಬಂದಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಈ ನಗರದಲ್ಲಿ ಒಣಗಿ ಸತ್ತ ಗಡ್ಡೆಗಿಂತ ಕೊಳೆತು ಸತ್ತ ಗಡ್ಡೆಯನ್ನೇ ನಾನು ಹೆಚ್ಚು ಕಂಡಿದ್ದೇನೆ.

ಬಿಸಿಲಿನ ಬಗ್ಗೆ ಒಂದು ಎಚ್ಚರ. ನೆಲದಲ್ಲಿರುವ ಗಡ್ಡೆಗೆ ಮೇಲಿನ ಮಣ್ಣೂ ಒಣಹುಲ್ಲೂ ಹೊದಿಕೆ. ಟೆರೇಸಿನ ಕಾಂಕ್ರೀಟಿನ ಮೇಲಿಟ್ಟ ಕುಂಡಕ್ಕೆ ಮೇ ತಿಂಗಳ ಮಧ್ಯಾಹ್ನ ಬದಿಯಿಂದಲೂ ತಳದಿಂದಲೂ ಕಾವು ಹತ್ತುತ್ತದೆ. ಒಂದು ದೊಡ್ಡ ಕುಂಡದೊಳಗೆ ಚಿಕ್ಕ ಕುಂಡವನ್ನಿಟ್ಟು ನಡುವಿನ ಸಂದಿಗೆ ಒಣಮರಳು ತುಂಬಿದರೆ ಸಾಕು. ಇದಕ್ಕಿಂತ ಹೆಚ್ಚಿನ ನೆರಳು ಬೇಕಾಗಿಲ್ಲ.

ನಗರಕ್ಕೆ ನೀರುಣಿಸುವ ತಾನ್ಸಾ, ವೈತರಣಾ, ಭಾತ್ಸಾ, ವಿಹಾರ್, ತುಳಸಿ ಮೊದಲಾದ ಏಳು ಜಲಾಶಯಗಳ ಮಟ್ಟ ಮೇ ಕೊನೆಗೆ ತಳ ಕಾಣುತ್ತದೆ. 2024ರ ಜೂನ್ ಮೊದಲ ವಾರದಲ್ಲಿ ಮಹಾನಗರಪಾಲಿಕೆ ಪೂರೈಕೆಯಲ್ಲಿ 10% ಕಡಿತ ಮಾಡಿತ್ತು. ಅಂಥ ವಾರದಲ್ಲಿ ಸೊಸೈಟಿಯ ಹುಲ್ಲುಹಾಸಿಗೆ ಟ್ಯಾಂಕರ್ ತರಿಸುವುದನ್ನು ನೋಡಿದಾಗ, ಎಂಟು ತಿಂಗಳು ಏನನ್ನೂ ಕೇಳದ ಗಿಡಗಳು ಇದೇ ಊರಿನಲ್ಲಿ ಇವೆಯೆಂಬುದನ್ನು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ.

ವಿಷದ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಕಾಡು ಈರುಳ್ಳಿಯಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ಗ್ಲೈಕೋಸೈಡ್‌ಗಳಿವೆ. ಅದೇ ಗುಣಕ್ಕಾಗಿ ಒಣಗಿಸಿದ ಹೋಳುಗಳು ಇಂಡಿಯನ್ ಸ್ಕ್ವಿಲ್ ಎಂಬ ಹೆಸರಿನಲ್ಲಿ ಔಷಧಕೋಶ ಸೇರಿದ್ದವು. ಯುರೋಪಿನ ಸ್ಕ್ವಿಲ್‌ಗೆ ಬದಲಿಯಾಗಿ ಕೆಮ್ಮಿನ ಔಷಧಿಗಳಲ್ಲಿ ಬಳಕೆಯಾದವು. ಔಷಧಿ ವ್ಯಾಪಾರಕ್ಕೆ ಬಂದ ಗಡ್ಡೆ ಕಾಡಿನಿಂದ ಅಗೆದು ತಂದದ್ದು. ಬೆಳೆದು ಮಾರುವ ಪರಂಪರೆಯೇ ಇಲ್ಲದ್ದರಿಂದ ತೋಟಗಾರಿಕೆಯ ತಿಳಿವಳಿಕೆಯೂ ಕೂಡಿಬರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ, ಈರುಳ್ಳಿ ಬುಟ್ಟಿಯ ಹತ್ತಿರ ಈ ಗಡ್ಡೆಯನ್ನಿಡಲೇಬಾರದು. ಕುಂಡ ಬದಲಿಸುವಾಗ ಕೈಗವಸು ಬೇಕು. ಚಿಕ್ಕ ಮಕ್ಕಳು, ಬೆಕ್ಕು ನಾಯಿಗಳಿರುವ ಮನೆಯಲ್ಲಿ ಎತ್ತರದ ಜಾಗವೇ ಆಗಬೇಕು.

ಅಗೆದು ತರುವ ಚಾಳಿ ಏನು ಮಾಡುತ್ತದೆಂಬುದಕ್ಕೆ ಇದೇ ನೆಲದ ಇನ್ನೊಂದು ಗಿಡ ಸಾಕ್ಷಿ. ಸಫೇದ್ ಮೂಸ್ಲಿ ಎಂದು ದೇಶವೆಲ್ಲ ಬಲ್ಲ ಗಿಡಕ್ಕೆ ಸಂತಾಪಾವ್ ಮತ್ತು ಫರ್ನಾಂಡಿಸ್ 1950ರ ದಶಕದಲ್ಲಿ ಬೊರಿವಲಿಯ ಹೆಸರನ್ನೇ ಇಟ್ಟರು: ಕ್ಲೋರೋಫೈಟಮ್ ಬೊರಿವಿಲಿಯಾನಮ್. ಬೇರುಗಡ್ಡೆಗೆ ಬೇಡಿಕೆ ಏರಿದಂತೆ ಕಾಡಿನಲ್ಲಿ ಅದು ಬರಿದಾಯಿತು. ಈಗ ಹೊಲಗಳಲ್ಲಿ ಬೆಳೆಯುತ್ತಾರೆ. ಆ ಕುಲದ ಎಳೆ ಎಲೆಗಳು ಮಾತ್ರ ಫೋಡ್ಶಿ, ಕುಲೂ ಎಂಬ ಹೆಸರಿನಲ್ಲಿ ಜೂನ್ ತಿಂಗಳ ದಾದರ್, ಠಾಣೆ, ಬೊರಿವಲಿ ಮಾರುಕಟ್ಟೆಗಳಿಗೆ ಇಂದಿಗೂ ಬರುತ್ತವೆ. ಗುಡ್ಡದ ಪಾಡಾಗಳ (ಹಾಡಿಗಳ) ಹೆಂಗಸರು ಕಟ್ಟು ಕಟ್ಟಿ ಮಾರುತ್ತಾರೆ. ಎಲೆ ಕೊಯ್ದು ಗಡ್ಡೆ ಬಿಡುವ ಆ ಕ್ರಮದಲ್ಲಿ ವಿವೇಕವಿದೆ.

ಹಾಗಾದರೆ ಗಡ್ಡೆ ಎಲ್ಲಿಂದ? ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಿಂದ ಖಂಡಿತ ಅಲ್ಲ. ಸುಮಾರು 104 ಚದರ ಕಿಲೋಮೀಟರಿನ ಆ ಉದ್ಯಾನದೊಳಗಿಂದ ಅನುಮತಿಯಿಲ್ಲದೆ ಏನನ್ನೂ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಇರದಿದ್ದರೂ ಮಾಡಬಾರದ ಕೆಲಸ. ಕನ್ಹೇರಿ ಗುಹೆಗಳ ಸುತ್ತಿನ ಬಂಡೆಗಳಲ್ಲಿ ಬೆಳೆಯುವ, ಸಸ್ಯಶಾಸ್ತ್ರಜ್ಞ ಬ್ಲಾಟರ್ ಹೆಸರಿಟ್ಟ ಡಿಪ್‌ಕ್ಯಾಡಿ ಸ್ಯಾಕ್ಸೋರಮ್‌ನಂಥ ಗಿಡದ ನೆಲೆಯೇ ಬಲು ಕಿರಿದು. ಅಲ್ಲಿಂದ ಒಂದು ಗಡ್ಡೆ ಹೋದರೂ ನಷ್ಟ ನಷ್ಟವೇ. ಬುಲ್‌ಡೋಜರ್ ಬರಲಿರುವ ಖಾಸಗಿ ನಿವೇಶನದಿಂದ, ಮಾಲೀಕರ ಒಪ್ಪಿಗೆ ಪಡೆದು ಗಡ್ಡೆ ಎತ್ತಿಕೊಳ್ಳಬಹುದು. ಅದಕ್ಕಿಂತ ಒಳ್ಳೆಯದು ಬೀಜ.

ಮೇ ಕೊನೆಗೆ ಕಾಯಿಗಳು ಒಣಗಿ ಮೂರು ಸೀಳಾಗುತ್ತವೆ. ಒಳಗೆ ಚಪ್ಪಟೆಯಾದ, ಕಾಗದದಷ್ಟು ತೆಳುವಾದ ಕರಿ ಬೀಜಗಳು ಅಡಕಿ ಕೂತಿರುತ್ತವೆ. ಗಾಳಿ ಬೀಸಿದರೆ ಹಾರುತ್ತವೆ. ಮುಂಗಾರಿಗೆ ಮುಂಚಿನ ಆ ಗಾಳಿಯೇ ಅವುಗಳ ಸಾಗಣೆ. ಬೀಜವನ್ನು ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಯಿಸಬಾರದು, ಹೊಸದಿದ್ದಾಗಲೇ ಬಿತ್ತಬೇಕು. ಜಲ್ಲಿ ಬೆರೆತ ಮಣ್ಣಿನ ಮೇಲೆ ಹರಡಿ ತೆಳುವಾಗಿ ಮರಳು ಉದುರಿಸಿ, ಮೊದಲ ಜಡಿಮಳೆಗೆ ಚಿಮ್ಮಿಹೋಗದಂತೆ ಕುಂಡವನ್ನು ಕೆಲವು ದಿನ ಸೂರಿನಡಿ ಇಡಬೇಕು. ಮೊಳಕೆ ಈರುಳ್ಳಿಯ ಸಸಿಯಂತೆಯೇ, ಒಂದೇ ಎಳೆ. ಮೊದಲ ವರ್ಷದ ಗಡ್ಡೆ ಬಟಾಣಿಗಿಂತ ದೊಡ್ಡದಾಗುವುದು ಅಪರೂಪ. ಅದರ ದಾಸ್ತಾನು ಕಡಿಮೆಯಾದ್ದರಿಂದ ಮೊದಲ ಬೇಸಿಗೆಯೇ ಕಷ್ಟದ್ದು. ಬಿತ್ತಿದ ಕುಂಡವನ್ನು ಕದಲಿಸದೆ, ಕಾವಿಳಿದ ಜಾಗದಲ್ಲಿ ಹಾಗೆಯೇ ಬಿಡಬೇಕು. ಹೂ ನೋಡಲು ಹಲವು ಮಳೆಗಾಲಗಳ ತಾಳ್ಮೆ ಬೇಕು.

ಬೀಜದ ವಿಷಯದಲ್ಲಿ ಕ್ರೈನಮ್ ಇದಕ್ಕೆ ಪೂರ್ತಿ ವಿರುದ್ಧ. ಅದರ ಬೀಜ ಕಡಲೆಕಾಯಿಗಿಂತ ದಪ್ಪ, ರಸಭರಿತ. ಮಣ್ಣೂ ನೀರೂ ಇಲ್ಲದೆ ಕಪಾಟಿನ ಮೇಲೇ ಮೊಳೆಯುತ್ತದೆ. ಹೊಸದಾಗಿ ಸ್ಥಳೀಯ ಗಡ್ಡೆ ಬೆಳೆಯಲು ಹೊರಟವರು ಅದರಿಂದ ಶುರುಮಾಡಿದರೆ ಬೇಗ ಧೈರ್ಯ ಬರುತ್ತದೆ. ಆದರೆ ಕರಿ ಮೈಯ ಮೇಲೆ ಬಿಳಿ, ಕಿತ್ತಳೆ ಚುಕ್ಕೆಗಳಿರುವ ಲಿಲಿ ಪತಂಗದ ಹುಳುಗಳು ಅದರ ಎಲೆಯನ್ನು ಒಂದೆರಡು ರಾತ್ರಿಯಲ್ಲಿ ಬುಡಮಟ್ಟ ತಿಂದುಬಿಡುತ್ತವೆ. ಕೈಯಿಂದ ಆರಿಸಿ ತೆಗೆಯುವುದೇ ಉಪಾಯ.

ಕಾಡು ಈರುಳ್ಳಿಯ ಎಲ್ಲ ಗಿಡಗಳೂ ಬೀಜ ಕಟ್ಟುವುದಿಲ್ಲ. ಭಾರತದ ಗಿಡಗಳಲ್ಲಿ 20 ವರ್ಣತಂತುಗಳುಳ್ಳವು, 30 ಇರುವವು, 40 ಇರುವವು ಎಂದು ಭೇದಗಳಿವೆ. 30 ಇರುವವು ಸಾಮಾನ್ಯವಾಗಿ ಬಂಜೆ. ಮರಿಗಡ್ಡೆ ಹಾಕಿಯೇ ಹೆಚ್ಚುತ್ತವೆ. ಒಂದು ಕುಂಡ ಪ್ರತಿವರ್ಷ ಹೂ ಬಿಟ್ಟೂ ಕಾಯಿ ಹಿಡಿಯದಿದ್ದರೆ ಆರೈಕೆಯನ್ನೇ ದೂರಬೇಕಾಗಿಲ್ಲ. ಆದರೆ ಎಲ್ಲಿಯ ಗಿಡ ಬಂಜೆ, ಎಲ್ಲಿಯದು ಫಲವತಿ ಎಂಬುದನ್ನು ಬರೆದಿಡುವುದು ಉಪಯುಕ್ತ ಕೆಲಸ.

ಮನೆಯ ಕುಂಡ ಸಂಶೋಧನೆಗೆ ಒದಗುವುದು ಇಲ್ಲಿಯೇ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಬ್ಲಾಟರ್ ಹೆಸರಿನ ಹರ್ಬೇರಿಯಂ ಇದೆ. ಸ್ವಿಸ್ ಪಾದ್ರಿ ಎಥೆಲ್ಬರ್ಟ್ ಬ್ಲಾಟರ್ (1877–1934) ಚಾರ್ಲ್ಸ್ ಮೆಕ್ಯಾನ್ ಜೊತೆಗೂಡಿ ಮುಂಬಯಿ ಪ್ರಾಂತದ ಸಸ್ಯಪಟ್ಟಿಯನ್ನು ಪರಿಷ್ಕರಿಸಿ, 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಸರಣಿಯಾಗಿ ಪ್ರಕಟಿಸಿದರು. ಅಂಥ ಸಂಗ್ರಹಗಳಲ್ಲಿ ಗಡ್ಡೆಗಿಡಗಳ ಹಾಳೆಗಳು ಯಾವಾಗಲೂ ತೊಡಕಿನವು. ಗಡ್ಡೆಯನ್ನು ಸೀಳಿ, ಬಿಸಿನೀರಿನಲ್ಲಿ ಅದ್ದಿ ಕೊಲ್ಲದಿದ್ದರೆ ಅದು ಕಾಗದಗಳ ನಡುವೆಯೂ ಚಿಗುರುತ್ತದೆ. ಕಾಡು ಈರುಳ್ಳಿಯಲ್ಲಿ ಇನ್ನೂ ಒಂದು ಸಮಸ್ಯೆ: ಏಪ್ರಿಲ್‌ನಲ್ಲಿ ಹೋದವರಿಗೆ ಹೂ ಸಿಗುತ್ತದೆ, ಎಲೆಯಿಲ್ಲ. ಆಗಸ್ಟ್‌ನಲ್ಲಿ ಹೋದವರಿಗೆ ಎಲೆ ಸಿಗುತ್ತದೆ, ಹೂವಿಲ್ಲ. ಎರಡೂ ಒಂದೇ ಗಿಡದವು ಎಂದು ಹಾಳೆಯಿಂದ ರುಜುವಾತುಪಡಿಸುವುದು ಕಷ್ಟ. ಕೊಂಕಣ–ದಖನ್ ಭಾಗದಲ್ಲಿ ಹತ್ತಿರದ ಹೋಲಿಕೆಯ ಡ್ರಿಮಿಯಾಗಳು ಬೇರೆಯೂ ಇರುವುದರಿಂದ ಈ ಅನುಮಾನ ಬರಿಯ ಪಂಡಿತರ ಚರ್ಚೆಯಲ್ಲ. ಒಂದು ಕುಂಡದಲ್ಲಿ, ಎಲ್ಲಿಂದ ಬಂತೆಂದು ತಿಳಿದಿರುವ ಒಂದು ಗಡ್ಡೆ ನಾಲ್ಕು ಋತುಗಳನ್ನು ಕಳೆದರೆ ಹೂ, ಕಾಯಿ, ಬೀಜ, ಎಲೆ ಎಲ್ಲವೂ ಒಂದೇ ಗಿಡದಿಂದ ದೊರೆಯುತ್ತವೆ. ಸಸ್ಯಶಾಸ್ತ್ರ ಓದುವ ಕಾಲೇಜು ಮಕ್ಕಳು ಹಾಸ್ಟೆಲ್ಲಿನ ತಾರಸಿಯಲ್ಲೂ ಮಾಡಬಹುದಾದ ಕೆಲಸವಿದು.

ಹೂ ಬರುವ ಸಮಯದ ದಾಖಲೆಯೂ ಬೆಲೆಯುಳ್ಳದ್ದು. ಮಳೆಯ ಹನಿ ಬೀಳುವ ಮೊದಲೇ ದಂಟು ಏಳುವುದರಿಂದ ನೀರು ಇದರ ಸೂಚನೆಯಾಗಿರಲು ಸಾಧ್ಯವಿಲ್ಲ. ಹವೆಯ ತಂಪು–ಕಾವೇ ಸೂಚನೆಯೋ ಎಂದು ನೋಡಬೇಕು. ಕೊಲಾಬಾದ ಕಡಲಂಚಿನಲ್ಲೂ ಮುಲುಂಡ್, ಬೊರಿವಲಿಗಳಂಥ ಒಳಭಾಗದಲ್ಲೂ ಚಳಿಗಾಲದ ಇರುಳಿನ ತಂಪು ಒಂದೇ ಅಲ್ಲ. ಎರಡು ಕಡೆಯ ಕುಂಡಗಳಲ್ಲಿ ದಂಟು ಕಂಡ ದಿನ, ಮೊದಲ ಹೂ ತೆರೆದ ದಿನ, ಮೊದಲ ಎಲೆ ಬಂದ ದಿನ ಇವಿಷ್ಟನ್ನು ಕೆಲವು ವರ್ಷ ಸತತವಾಗಿ ಬರೆದಿಟ್ಟರೆ ಹೋಲಿಸಿ ನೋಡಲು ಆಧಾರ ಸಿಗುತ್ತದೆ.

ಆದ್ದರಿಂದ ಕುಂಡಕ್ಕೊಂದು ಚೀಟಿ ಕಡ್ಡಾಯ. ಶಾಯಿ ಮಳೆಗೆ ನಿಲ್ಲುವುದಿಲ್ಲ. ಹಳೆಯ ಅಲ್ಯುಮಿನಿಯಂ ತಗಡಿನ ತುಂಡಿನ ಮೇಲೆ ಮೊಳೆಯಿಂದ ಗೀರಿದರೆ ವರ್ಷಗಟ್ಟಲೆ ಉಳಿಯುತ್ತದೆ. ಗಡ್ಡೆ ಅಥವಾ ಬೀಜ ಬಂದ ಊರು, ಅಲ್ಲಿಯ ನೆಲದ ಬಗೆ, ನೆಟ್ಟ ತಿಂಗಳು, ಮೂಲಗಿಡ ಕಾಯಿ ಕಟ್ಟಿತ್ತೇ ಇಲ್ಲವೇ ಎಂಬುದು ಅದರ ಮೇಲಿರಬೇಕು. ಧಾರವಾಡದ ಬೀಜವನ್ನೂ ವಸಯಿಯ ಬೀಜವನ್ನೂ ಒಂದೇ ಕುಂಡದಲ್ಲಿ ಬೆರೆಸಬಾರದು. ಕುಂಡದಲ್ಲಿ ಹೆಚ್ಚಿದ ಮರಿಗಡ್ಡೆಗಳನ್ನು ಸೊಸೈಟಿಯ ತೋಟಕ್ಕೋ ಶಾಲೆಯ ಅಂಗಳಕ್ಕೋ ಕೊಡಬಹುದು. ಒಳ್ಳೆಯ ಉದ್ದೇಶದಿಂದಲೂ ಅವನ್ನು ರಾಷ್ಟ್ರೀಯ ಉದ್ಯಾನದ ಗುಡ್ಡಕ್ಕೆ ಒಯ್ದು ನೆಡಬಾರದು. ಹೊರಗಿನ ಗಿಡಗಳೊಂದಿಗೆ ಬೆರೆತರೆ ಅಲ್ಲಿಯ ಮೂಲಗಿಡಗಳ ವರ್ಣತಂತುಗಳ ಲೆಕ್ಕವೂ ಹೂಗಾಲದ ಲೆಕ್ಕವೂ ಕಲಸಿಹೋಗುತ್ತದೆ.